ಗಾಳಿ ಬಿದ್ದ ಬೆಳಗಿನಲ್ಲಿ ಹುಸಿ ಬಾತು ಸಿಕ್ಕಿಬೀಳುವುದೇಕೆ?

ಡಿಸೆಂಬರ್ ಕೊನೆಯ ವಾರ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಬಾಗಲಕೋಟೆಯಿಂದ ಬೀಳಗಿ ಕಡೆ ಹೋಗುವ ದಾರಿಯಲ್ಲಿ ಅನಗವಾಡಿ ಸೇತುವೆ ಹತ್ತಿರ ಬೈಕ್ ನಿಲ್ಲಿಸಿ ನೀರಂಚಿಗೆ ಇಳಿದೆ. ಅಲ್ಲಿ ಘಟಪ್ರಭೆ ಹೊಳೆಯಾಗಿ ಕಾಣುವುದಿಲ್ಲ. ಆಲಮಟ್ಟಿಯ ಹಿನ್ನೀರು ಎರಡೂ ದಂಡೆಯ ಹೊಲಗಳನ್ನು ನುಂಗಿ ಹರವಾಗಿ ನಿಂತಿರುತ್ತದೆ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆಚೆ ದಂಡೆಯ ಜಾಲಿಗಿಡಗಳು ನೀರೊಳಗೆ ತಲೆಕೆಳಗಾಗಿ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದವು. ದುರ್ಬೀನು ಹಿಡಿದು ಹತ್ತು ನಿಮಿಷ ಹುಡುಕಿದರೂ ನನ್ನ ಕಣ್ಣಿಗೆ ಒಂದು ಬಾತೂ ಬೀಳಲಿಲ್ಲ.

ಬಲೆ ಎತ್ತಿಕೊಂಡು ತೆಪ್ಪ ದಡಕ್ಕೆ ತಂದ ಹಿರಿಯರೊಬ್ಬರು ಕೇಳಿದರು: "ಏನ ಹುಡುಕಾಕತ್ತೀರಿ ಸರ?"

"ಬಾತು ಎಷ್ಟದಾವ ಅಂತ ನೋಡಾಕತ್ತೀನಿ ಕಾಕಾ."

"ಹಕ್ಕಿ ನೋಡಬ್ಯಾಡ್ರಿ. ನೀರ ನೋಡ್ರಿ. ಗಾಳಿ ಬಿದ್ದೈತಿ, ಎಲ್ಲಿ ಮುರದೈತಿ ಅಲ್ಲೇ ಅದಾವ."

ಅವರು ಬೆರಳು ತೋರಿಸಿದ ಕಡೆ ನೀರು ನಿಜಕ್ಕೂ ಮುರಿದಿತ್ತು. ಕನ್ನಡಿಯ ಮೇಲೆ ಉಗುರಿನಿಂದ ಗೀರಿದಂತೆ ತೆಳ್ಳನೆಯ ಗೆರೆಗಳು. ಆ ಗೆರೆಗಳ ಬುಡಕ್ಕೆ ದುರ್ಬೀನು ತಿರುಗಿಸಿದಾಗ, ಜಾಲಿಗಿಡಗಳ ನೆರಳಲ್ಲಿ ಬಣ್ಣ ಬೆರೆತುಹೋಗಿದ್ದ ಇಪ್ಪತ್ತು ಮೂವತ್ತು ವರಟೆ ಬಾತುಗಳು ಸಿಕ್ಕವು.

ಈ ಲೇಖನದ ವಿಷಯ ಬೇರೆ ದೇಶದ್ದು. ಆದರೆ ಅದನ್ನು ಅರ್ಥ ಮಾಡಿಸಿದ್ದು ಆ ಕಾಕಾ ಹೇಳಿದ ಮಾತು. ಅಮೆರಿಕದಲ್ಲಿ ಬಾತು ಬೇಟೆಗೆ ಪರವಾನಗಿ ಉಂಟು. ಬೇಟೆಗೆ ಇಂತಿಷ್ಟೇ ದಿನ, ಒಬ್ಬರಿಗೆ ಇಂತಿಷ್ಟೇ ಹಕ್ಕಿ ಎಂಬ ಲೆಕ್ಕವೂ ಉಂಟು. 1934ರಿಂದ ಅಲ್ಲಿನ ಬೇಟೆಗಾರರು ಪ್ರತಿ ವರ್ಷ ಕೊಳ್ಳಲೇಬೇಕಾದ 'ಡಕ್ ಸ್ಟಾಂಪ್' ಹಣ ಜೌಗುಭೂಮಿಗಳ ರಕ್ಷಣೆಗೆ ಹೋಗುತ್ತದೆ. ಅವರು ನೀರಿನ ಮೇಲೆ ಪ್ಲಾಸ್ಟಿಕ್ಕಿನ ಹುಸಿ ಬಾತುಗಳನ್ನು ತೇಲಿಬಿಟ್ಟು, ಮೇಲೆ ಹಾರುವ ನಿಜ ಬಾತುಗಳನ್ನು ಇಳಿಸಿಕೊಳ್ಳುತ್ತಾರೆ. ಗಾಳಿ ಇದ್ದ ದಿನ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಗಾಳಿ ಬಿದ್ದ ದಿನ ಅದೇ ಬೊಂಬೆ, ಅದೇ ಬಣ್ಣ, ಅದೇ ಜಾಗ. ಆದರೂ ಮೇಲಿನ ಹಿಂಡು ಒಂದು ಸುತ್ತು ಹಾಕಿ, ಏನೋ ಸರಿಯಿಲ್ಲ ಎಂದು ತಿಳಿದು, ದೂರ ಹೋಗಿಬಿಡುತ್ತದೆ. ಆದ್ದರಿಂದ ಅಂಥ ದಿನ ಬೊಂಬೆಗೆ ಚಲನೆ ಕೊಡಲು ಅವರು ಏನೇನೋ ಸಾಧನ ಹೂಡುತ್ತಾರೆ. ಅವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದರ ಹಿಂದೆ ಬಹಳ ಚೆಂದದ ವಿಜ್ಞಾನವಿದೆ.

ಬೇಟೆಯ ಹುಸಿ ಹಕ್ಕಿ ನಮಗೆ ಹೊಸತಲ್ಲ. ಬೇರೆ ಪ್ರಾಣಿಗಳನ್ನು ಸೆಳೆಯಲು ಬೇಟೆಗಾರ ಮುಂದೆ ಬಿಡುವ ಪ್ರಾಣಿಗೆ ಹಳೆಯ ಕನ್ನಡದಲ್ಲಿ 'ದೀಹ', 'ದೀಮ' ಎಂಬ ಹೆಸರೇ ಇದೆ. ಪಂಜರದ ಗೌಜಲಹಕ್ಕಿಯನ್ನು ಕೂಗಿಸಿ ಕಾಡಿನ ಗೌಜಲಹಕ್ಕಿಯನ್ನು ಬಲೆಗೆ ಕೆಡಹುತ್ತಿದ್ದುದು ನಮ್ಮ ಕಡೆಯ ಹಳಬರಿಗೆಲ್ಲ ಗೊತ್ತು. ಬೊಂಬೆ ಬಾತಿನ ಚರಿತ್ರೆಯೂ ದೊಡ್ಡದೇ. ಅಮೆರಿಕದ ನೆವಾಡಾ ರಾಜ್ಯದ ಲವ್‌ಲಾಕ್ ಗವಿಯಲ್ಲಿ 1924ರಲ್ಲಿ ಜೊಂಡುಹುಲ್ಲಿನಿಂದ ಹೆಣೆದ 11 ಬಾತುಗಳು ಸಿಕ್ಕವು. ಅವುಗಳ ವಯಸ್ಸು ಸುಮಾರು 2000 ವರ್ಷ. ಕೆಲವಕ್ಕೆ ಬಣ್ಣ ಬಳಿದು ಗರಿ ಸಿಕ್ಕಿಸಿದ್ದರು. ಆಕಾರದ ಸಮಸ್ಯೆಯನ್ನು ಮನುಷ್ಯ ಅಂದೇ ಬಗೆಹರಿಸಿಕೊಂಡಿದ್ದ. ಬಗೆಹರಿಯದೆ ಉಳಿದದ್ದು ನೀರು.

ಗಾಳಿ ಇದ್ದಾಗ ಏನಾಗುತ್ತದೆ ಎಂದು ಮೊದಲು ನೋಡೋಣ. ನೀರೆಲ್ಲ ಸಣ್ಣ ತೆರೆಗಳಿಂದ ತುಂಬಿರುತ್ತದೆ. ಆ ತೆರೆಗಳೇ ಬೊಂಬೆಯನ್ನು ಏರಿಳಿಸುತ್ತವೆ. ಲಂಗರಿನ ದಾರಕ್ಕೆ ಕಟ್ಟಿದ ಬೊಂಬೆಗಳೆಲ್ಲ, ನಿಜ ಬಾತುಗಳ ಹಾಗೆಯೇ, ಗಾಳಿಗೆ ಎದುರಾಗಿ ಮುಖ ತಿರುಗಿಸಿ ಅತ್ತಿತ್ತ ಹೊಯ್ದಾಡುತ್ತವೆ. ಬಾತು ಇಳಿಯುವುದೂ ಗಾಳಿಗೆ ಎದುರಾಗಿಯೇ. ಹಾಗಾಗಿ ಅದು ಯಾವ ದಿಕ್ಕಿನಿಂದ ಬರುತ್ತದೆಂದು ಬೇಟೆಗಾರನಿಗೂ ಗೊತ್ತಿರುತ್ತದೆ. ಇಷ್ಟೆಲ್ಲ ಕೆಲಸವನ್ನು ಗಾಳಿ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಗಾಳಿ ಬಿದ್ದರೆ ಎಲ್ಲವೂ ಒಮ್ಮೆಲೇ ಕೈಕೊಡುತ್ತದೆ. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ ಗಂಟೆಗೆ 1 ಕಿಲೋಮೀಟರಿಗಿಂತ ಕಡಿಮೆ ಗಾಳಿಗೆ ಸೊನ್ನೆ ಅಂಕ. ಆ ಅಂಕಕ್ಕೆ ಕೊಟ್ಟಿರುವ ವಿವರಣೆ 'ನೀರು ಕನ್ನಡಿಯಂತೆ' ಎಂದು. ನಮ್ಮ ಚಳಿಗಾಲದ ಬೆಳಗುಗಳು ಬಹುಪಾಲು ಹೀಗೇ ಇರುತ್ತವೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ಅಂಟಿದ ಗಾಳಿ ತಂಪಾಗಿ ಭಾರವಾಗಿ ಕೆಳಗೇ ಕೂರುತ್ತದೆ, ಮೇಲಿನ ಗಾಳಿ ಕೆಳಗಿಳಿಯುವುದಿಲ್ಲ. ಬಿಸಿಲೇರಿ ನೆಲ ಕಾಯುವವರೆಗೂ ಇದೇ ಸ್ಥಿತಿ. ಅಂಥ ಹೊತ್ತಿನಲ್ಲಿ ಆಚೆ ದಂಡೆಯ ಮಾತೂ ಕಿವಿಯ ಪಕ್ಕದಲ್ಲೇ ಆಡಿದಂತೆ ಕೇಳುತ್ತದಲ್ಲ, ಅದಕ್ಕೂ ಇದೇ ಕಾರಣ. ಮೇಲಿನ ಬೆಚ್ಚನೆಯ ಗಾಳಿಯ ಪದರ ಸದ್ದನ್ನು ಮತ್ತೆ ನೀರಿನ ಕಡೆಗೇ ಬಾಗಿಸುತ್ತದೆ.

ಇನ್ನು ಕನ್ನಡಿಯ ವಿಷಯ. ನೀರಿನ ಮೇಲ್ಮೈ 5 ಡಿಗ್ರಿ ವಾಲಿದರೆ ಅದು ತೋರಿಸುವ ಆಕಾಶದ ತುಂಡು 10 ಡಿಗ್ರಿ ಆಚೆಯದಾಗುತ್ತದೆ. ಕನ್ನಡಿಯನ್ನು ಎಷ್ಟು ತಿರುಗಿಸಿದರೂ ಬೆಳಕು ಅದರ ಎರಡರಷ್ಟು ತಿರುಗುವುದು ಅದರ ಸ್ವಭಾವ. ಬೆಳಗಿನ ಜಾವ ಆಕಾಶದ ಅಂಚು ಬೆಳ್ಳಗೆ, ನೆತ್ತಿ ಕಪ್ಪಗೆ ಇರುತ್ತದೆ. ಆದ್ದರಿಂದ ಬೆರಳಿನ ದಪ್ಪವೂ ಇಲ್ಲದ ಅಲೆಯ ಒಂದು ಮಗ್ಗುಲು ಬೆಳ್ಳಿಯಾಗಿಯೂ ಇನ್ನೊಂದು ಮಗ್ಗುಲು ಮಸಿಯಾಗಿಯೂ ಕಾಣುತ್ತದೆ. ಬಾತಿನ ದೇಹ ಒಂದು ಮೊಳ ಅಷ್ಟೆ. ಆದರೆ ಅದು ಎಬ್ಬಿಸಿದ ಉಂಗುರ ಹತ್ತಾರು ಮೊಳ ಹರಡುತ್ತದೆ. ದೂರದಿಂದ ಕಾಣುವುದು ಉಂಗುರವೇ, ಹಕ್ಕಿಯಲ್ಲ.

ಹಾರುವ ಬಾತು ನೋಡುವುದೂ ಅದನ್ನೇ. ಅದರ ಕಣ್ಣುಗಳು ತಲೆಯ ಎರಡು ಬದಿಗಿವೆ. ಮಲ್ಲಾರ್ಡ್ ಎಂಬ ಬಾತಿನ ಮೇಲೆ ನಡೆದ ಅಧ್ಯಯನದ ಪ್ರಕಾರ ಅದು ತಲೆ ತಿರುಗಿಸದೆಯೇ ಸುತ್ತಲಿನ ಇಡೀ ದಿಗಂತವನ್ನೂ ನೆತ್ತಿಯ ಮೇಲಿನ ಆಕಾಶವನ್ನೂ ನೋಡಬಲ್ಲದು. ನಮಗೆ ಕಾಣದ ಅತಿನೇರಳೆ ಬೆಳಕಿನ ಒಂದಷ್ಟು ಪಾಲೂ ಅದಕ್ಕೆ ಕಾಣುತ್ತದೆ. ಅಂಥ ಕಣ್ಣು ಬೆಳಗಿನ ಕೆರೆಯ ಮೇಲೆ ಬಂದಾಗ, ನಿಜ ಹಿಂಡು ಇರುವ ಕಡೆ ನೀರೆಲ್ಲ ಬರಹದಿಂದ ತುಂಬಿರುತ್ತದೆ. ಒಂದು ಬಾತು ಬಾಲ ಮೇಲೆತ್ತಿ ತಲೆ ಮುಳುಗಿಸುತ್ತದೆ, ಇನ್ನೊಂದು ಗರಿ ತಿದ್ದುತ್ತದೆ, ಮತ್ತೊಂದು ಪಕ್ಕದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಹುಸಿ ಬಾತುಗಳು ಇರುವ ಕಡೆ ಇಪ್ಪತ್ತು ಆಕಾರಗಳಿವೆ, ನೀರು ಮಾತ್ರ ಖಾಲಿ ಹಾಳೆ.

ಬಾತುಗಳು ನಿದ್ದೆ ಮಾಡುವಾಗಲೂ ಸುಮ್ಮನೆ ತೇಲುತ್ತವಲ್ಲ ಎಂದು ಕೇಳಬಹುದು. ನನಗೂ ಆ ಪ್ರಶ್ನೆ ಬಹಳ ದಿನ ಕಾಡಿತ್ತು. ಉತ್ತರ 1999ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿದೆ. ಸಾಲಾಗಿ ಮಲಗಿದ ಮಲ್ಲಾರ್ಡ್ ಬಾತುಗಳಲ್ಲಿ ಅಂಚಿನಲ್ಲಿದ್ದವು ಹೊರಗಿನ ಕಡೆಯ ಕಣ್ಣು ತೆರೆದುಕೊಂಡು, ಮಿದುಳಿನ ಅರ್ಧ ಭಾಗವನ್ನು ಎಚ್ಚರವಾಗಿಟ್ಟುಕೊಂಡೇ ಮಲಗುತ್ತವೆ. ಇಡೀ ಹಿಂಡು ಒಟ್ಟಿಗೆ ಮೈಮರೆಯುವುದಿಲ್ಲ. ಅಂಚಿನಲ್ಲಿ ಯಾವುದೋ ಒಂದು ಕತ್ತು ತಿರುಗಿಸುತ್ತದೆ, ಕಾಲಾಡಿಸುತ್ತದೆ. ಇಪ್ಪತ್ತಕ್ಕೆ ಇಪ್ಪತ್ತೂ ಅಲುಗದೆ ನಿಂತ ಹಿಂಡು ಪ್ರಕೃತಿಯಲ್ಲಿ ಇಲ್ಲ.

ಹಾಗಾದರೆ ಬೊಂಬೆಗೆ ಚಲನೆ ಕೊಡುವುದು ಹೇಗೆ? ಅತ್ಯಂತ ಹಳೆಯ, ಅತ್ಯಂತ ಅಗ್ಗದ, ನನ್ನ ಅಭಿಪ್ರಾಯದಲ್ಲಿ ಇಂದಿಗೂ ಅತ್ಯುತ್ತಮ ಉಪಾಯ ಒಂದು ದಾರ. ನೀರಿನ ಆಚೆ ತುದಿಯಲ್ಲಿ ಲಂಗರು, ಅದಕ್ಕೆ ಹಿಗ್ಗುವ ರಬ್ಬರು, ರಬ್ಬರಿಗೆ ಉದ್ದನೆಯ ದಾರ, ದಾರಕ್ಕೆ ಅಲ್ಲಲ್ಲಿ ಮೂರು ನಾಲ್ಕು ಬೊಂಬೆ. ಈಚೆ ತುದಿ ಮರೆಯಲ್ಲಿ ಕುಳಿತವನ ಕೈಯಲ್ಲಿ. ಎಳೆದರೆ ಬೊಂಬೆಗಳು ಮುಂದೆ ಬರುತ್ತವೆ, ಬಿಟ್ಟರೆ ರಬ್ಬರು ಹಿಂದಕ್ಕೆ ಸೆಳೆಯುತ್ತದೆ.

ಇದನ್ನು ಓದಿ ತಿಳಿಯುವುದಕ್ಕಿಂತ ಕೈಯಾರೆ ಮಾಡಿ ನೋಡಬೇಕೆನಿಸಿತು. ಬೀಳಗಿ ತಾಲ್ಲೂಕಿನಲ್ಲಿರುವ ಗೆಳೆಯನ ಹೊಲದ ಕೃಷಿಹೊಂಡ ಅದಕ್ಕೆ ಸರಿಯಾಗಿತ್ತು. ಸುತ್ತ ಬೇಲಿ, ಮನೆಯ ಪಕ್ಕ, ತಳಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ. ಕಾಡುಬಾತು ಅಲ್ಲಿಗೆ ಬರುವುದಿಲ್ಲ. ನನಗೆ ಬೇಕಾದದ್ದು ಹಕ್ಕಿಯಲ್ಲ, ನೀರಿನ ನಡತೆ. ಒಣಗಿದ ಮೂರು ಸೋರೆಬುರುಡೆಗೆ ಕಂದು ಬಣ್ಣ ಬಳಿದೆವು. ಮಗುಚದಿರಲಿ ಎಂದು ಹೊಟ್ಟೆಯ ಕೆಳಗೆ ಮರಳು ತುಂಬಿದ ಪೈಪಿನ ತುಂಡು ಕಟ್ಟಿದೆವು. ಲಂಗರಿಗೆ ಇಟ್ಟಿಗೆ, ರಬ್ಬರಿಗೆ ಸೈಕಲ್ ಟ್ಯೂಬಿನ ಪಟ್ಟಿ, ದಾರಕ್ಕೆ ನೈಲಾನ್ ಹುರಿ.

ಮೊದಲ ಸಲ ನಿಧಾನಕ್ಕೆ ಎಳೆದೆ. ಬುರುಡೆಗಳು ಜಾರಿಕೊಂಡು ಮುಂದೆ ಬಂದವು. ನೀರಿನ ಮೇಲೆ ಒಂದು ಗೆರೆಯೂ ಏಳಲಿಲ್ಲ. ಕಣ್ಣಿಗೆ ಅದು ಹಕ್ಕಿಯ ಹಾಗಲ್ಲ, ಕಾಲುವೆಯಲ್ಲಿ ತೇಲಿಬರುವ ಕಸದ ಹಾಗೆ ಕಾಣಿಸಿತು. ಇದಕ್ಕೆ ಕಾರಣ ನೀರಿನ ಒಂದು ಕಟ್ಟುನಿಟ್ಟಾದ ಲೆಕ್ಕ. ಆಳವಿರುವ ನೀರಿನ ಮೇಲೆ ಅಲೆ ಸೆಕೆಂಡಿಗೆ ಸುಮಾರು 23 ಸೆಂಟಿಮೀಟರಿಗಿಂತ ನಿಧಾನವಾಗಿ ಚಲಿಸಲಾರದು. ದೊಡ್ಡ ಅಲೆಯನ್ನು ಓಡಿಸುವುದು ಭೂಮಿಯ ಸೆಳೆತ, ಸಣ್ಣ ಅಲೆಯನ್ನು ಓಡಿಸುವುದು ನೀರಿನ ಮೇಲ್ಮೈಯ ಬಿಗಿತ. ಎರಡೂ ಸೇರುವ ಜಾಗದಲ್ಲಿ, ಅಂದರೆ 1.7 ಸೆಂಟಿಮೀಟರ್ ಉದ್ದದ ಅಲೆಯಲ್ಲಿ, ವೇಗ ಅತ್ಯಂತ ಕಡಿಮೆ. ಅದಕ್ಕಿಂತ ನಿಧಾನವಾಗಿ, ಒಂದೇ ಸಮನೆ ಜರುಗುವ ವಸ್ತುವಿನ ಹಿಂದೆ ಅಲೆ ಏಳುವುದೇ ಇಲ್ಲ.

ಎರಡನೆಯ ಸಲ ದಾರವನ್ನು ಜಗ್ಗಿ, ತಕ್ಷಣ ಬಿಟ್ಟೆ. ಈಗ ಬುರುಡೆಗಳು ಮುಗ್ಗರಿಸಿದವು, ಮೂತಿ ನೀರಿಗೆ ಬಗ್ಗಿ ಮತ್ತೆ ಎದ್ದಿತು. ಒಂದೊಂದರಿಂದಲೂ ಉಂಗುರ ಹೊರಟು, ಮೂರೂ ಉಂಗುರಗಳು ಒಂದರೊಳಗೊಂದು ಹಾದು, ಹೊಂಡದ ಆಚೆ ಅಂಚಿಗೆ ತಲುಪಿದವು. ಗೆಳೆಯನ ಮಗಳು ಒಡ್ಡಿನ ಮೇಲೆ ಕುಳಿತು "ಈಗ ಜೀವ ಬಂತು ನೋಡ್ರಿ ಕಾಕಾ" ಅಂದಳು. ಒಂದೇ ಸಮನೆ ಹೋಗುವುದಕ್ಕೂ ಜಗ್ಗಿ ನಿಲ್ಲುವುದಕ್ಕೂ ಇರುವ ಅಂತರ ಅಷ್ಟು ದೊಡ್ಡದು. ವೇಗ ಥಟ್ಟನೆ ಬದಲಾದರೆ, ಆ ಮಿತಿಯ ಕೆಳಗಿದ್ದರೂ ನೀರು ಅಲೆ ಎಬ್ಬಿಸುತ್ತದೆ. ಬಾವಿಯ ನೀರಿನ ಮೇಲೆ ಗಿರಗಿರನೆ ಸುತ್ತುವ ಕರಿಹುಳುಗಳ ಸುತ್ತ ಸಣ್ಣ ತೆರೆಗಳು ಏಳುವುದೂ ಅವು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದಲೇ.

ಒಂದು ತಪ್ಪನ್ನೂ ಅಲ್ಲೇ ಕಲಿತೆ. ಬುರುಡೆ ಮಗುಚಬಾರದೆಂದು ಮರಳು ಹೆಚ್ಚು ತುಂಬಿದ್ದೆ. ಎರಡು ಬುರುಡೆಗಳು ಜಗ್ಗಿದರೂ ತೂಗುತ್ತಿರಲಿಲ್ಲ, ಗೂಟ ನೆಟ್ಟ ಹಾಗೆ ಇದ್ದವು. ಅರ್ಧ ಮರಳು ಚೆಲ್ಲಿದ ಮೇಲೆ ಒಂದು ಜಗ್ಗಿಗೆ ನಾಲ್ಕೈದು ಸಲ ತಲೆದೂಗತೊಡಗಿದವು. ಬೊಂಬೆಗೆ ಕಟ್ಟಿದ ದಾರವೂ ಅಷ್ಟೇ ಮುಖ್ಯ. ಹೊಟ್ಟೆಯ ನಡುವೆ ಕಟ್ಟಿದರೆ ಅಡ್ಡಡ್ಡ ಜಾರುತ್ತದೆ, ಎದೆಯ ಮುಂದೆ ಕಟ್ಟಿದರೆ ಈಜುವಂತೆ ಮುನ್ನುಗ್ಗುತ್ತದೆ.

ಉಂಗುರ ಎಷ್ಟು ದೂರ ಹೋಗುತ್ತದೆ ಎಂಬುದು ಇನ್ನೂ ಸೊಗಸಾದ ಪ್ರಶ್ನೆ. ಸಣ್ಣ ಅಲೆ ಬೇಗ ಸಾಯುತ್ತದೆ, ಉದ್ದನೆಯ ಅಲೆ ಬಹಳ ಹೊತ್ತು ಬದುಕುತ್ತದೆ. ಅಲೆಯ ಉದ್ದ ಹತ್ತು ಪಟ್ಟಾದರೆ ಆಯಸ್ಸು ನೂರು ಪಟ್ಟಾಗುತ್ತದೆ. ಶುದ್ಧ ನೀರಿನ ಮೇಲೆ 1.7 ಸೆಂಟಿಮೀಟರ್ ಅಲೆಯ ಎತ್ತರ ಮೂರರಲ್ಲೊಂದು ಪಾಲಿಗೆ ಇಳಿಯಲು ನಾಲ್ಕು ಸೆಕೆಂಡೂ ಬೇಡ. 10 ಸೆಂಟಿಮೀಟರ್ ಅಲೆಗೆ ಅದೇ ಕೆಲಸಕ್ಕೆ ಸುಮಾರು ಎರಡು ನಿಮಿಷ ಬೇಕು. ಈಗ ಅಂಗಡಿಯಲ್ಲಿ ಸಿಗುವ ನಡುಗುವ ಬೊಂಬೆಗಳನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. ಮೊಬೈಲು ಗುಂಯ್‌ಗುಡಿಸುವಂಥ ಸಣ್ಣ ಮೋಟಾರೊಂದನ್ನು ಬೊಂಬೆಯ ಹೊಟ್ಟೆಯಲ್ಲಿಡುತ್ತಾರೆ. ಸೆಕೆಂಡಿಗೆ ಮೂವತ್ತು ಸಲ ನಡುಗಿದರೆ ಏಳುವ ಅಲೆ ಒಂದು ಸೆಂಟಿಮೀಟರೂ ಇರುವುದಿಲ್ಲ, ಒಂದಡಿ ಹೋಗುವಷ್ಟರಲ್ಲಿ ಬಹುಪಾಲು ಅಳಿದಿರುತ್ತದೆ. ನೀರಿಗೆ ಬಿದ್ದ ನೊಣವೊಂದು ಎಬ್ಬಿಸುವುದೂ ಹೆಚ್ಚುಕಡಿಮೆ ಅಂಥದೇ ನಡುಕ. ಮೊಳದುದ್ದದ ಮೈ ತಲೆದೂಗಿದಾಗ ಏಳುವ ಅಲೆ ಅಗಲವಾದದ್ದು, ದೂರ ಹೋಗುವಂಥದ್ದು. ಆದ್ದರಿಂದಲೇ ನನಗೆ ಮೋಟಾರಿಗಿಂತ ದಾರದ ಮೇಲೆ ನಂಬಿಕೆ. ನೀರು ಚಿಮ್ಮಿಸುವ ಪಂಪು ಇಟ್ಟ ಬೊಂಬೆಗಳು ಮಾತ್ರ ಇದಕ್ಕೆ ಹೊರತು. ಚಿಮ್ಮಿದ ನೀರು ಮರಳಿ ಬೀಳುವಾಗ ದೊಡ್ಡ ಉಂಗುರಗಳೂ ಏಳುತ್ತವೆ.

ರೆಕ್ಕೆ ತಿರುಗಿಸುವ ಬೊಂಬೆಯ ದಾರಿ ಬೇರೆ. ಅದು ನೀರನ್ನು ಮುಟ್ಟುವುದೇ ಇಲ್ಲ. ಗೂಟದ ಮೇಲೆ ನಿಂತು, ಒಂದು ಬದಿ ಕಪ್ಪು ಇನ್ನೊಂದು ಬದಿ ಬಿಳಿ ಇರುವ ರೆಕ್ಕೆಗಳನ್ನು ಬ್ಯಾಟರಿಯಿಂದ ತಿರುಗಿಸುತ್ತದೆ. ಇಳಿಯುವ ಬಾತಿನ ರೆಕ್ಕೆಯ ಮಿನುಗು ದೂರದಿಂದ ಹಾಗೇ ಕಾಣುತ್ತದೆ. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದು ಬಳಕೆಗೆ ಬಂದಾಗ ಎಷ್ಟು ಪರಿಣಾಮ ಬೀರಿತೆಂದರೆ, ಬೇಟೆ ನ್ಯಾಯವಾಗಿ ಉಳಿಯುವುದಿಲ್ಲವೆಂದು ಕೆಲವು ರಾಜ್ಯಗಳು ಅದಕ್ಕೆ ಕಡಿವಾಣ ಹಾಕಿದವು. ಜೀವಂತ ಬಾತುಗಳನ್ನು ದೀಮವಾಗಿ ಬಳಸುವುದನ್ನಂತೂ ಅಮೆರಿಕ 1935ರಲ್ಲೇ ನಿಲ್ಲಿಸಿತ್ತು.

ಅನುಭವಿ ಬೇಟೆಗಾರರು ದಾರ ಜಗ್ಗುವುದಕ್ಕೂ ಒಂದು ಹೊತ್ತು ನೋಡುತ್ತಾರೆ. ಹಿಂಡು ದೂರವಿದ್ದಾಗ, ಅಥವಾ ಬೆನ್ನು ತಿರುಗಿಸಿ ಹೋಗುವಾಗ ಜಗ್ಗುತ್ತಾರೆ. ನೇರ ತಲೆಯ ಮೇಲೆ ಬಂದಾಗ ಕೈ ನಿಲ್ಲಿಸುತ್ತಾರೆ. ಇದು ಬರೀ ಅಂಜಿಕೆಯಲ್ಲ, ಇಲ್ಲೂ ಕನ್ನಡಿಯ ಲೆಕ್ಕವಿದೆ. ನೇರ ಮೇಲಿನಿಂದ ನೋಡುವವರಿಗೆ ನೀರು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡಾ 2ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಓರೆಯಾದಷ್ಟೂ ಆ ಪಾಲು ಏರುತ್ತದೆ. ಅಂದರೆ ದೂರದಿಂದ ಓರೆಯಾಗಿ ಬರುವ ಹಕ್ಕಿಗೆ ಉಂಗುರಗಳೇ ಎದ್ದು ಕಾಣುತ್ತವೆ, ತಲೆಯ ಮೇಲೆ ಬಂದ ಹಕ್ಕಿಗೆ ಉಂಗುರ ಮಸುಕಾಗಿ ಬೊಂಬೆ, ದಾರ, ದಾರ ಹಿಡಿದ ಕೈ ಕಾಣತೊಡಗುತ್ತವೆ. ಹೊಂಡದ ಒಡ್ಡಿನ ಮೇಲೆ ಕುಕ್ಕರಗಾಲಲ್ಲಿ ಕೂತಾಗ ಢಾಳಾಗಿ ಕಂಡ ಉಂಗುರಗಳು, ಪಕ್ಕದ ನೀರಿನ ಟಾಕಿ ಹತ್ತಿ ಬಗ್ಗಿ ನೋಡಿದಾಗ ಹುಡುಕಿದರೆ ಮಾತ್ರ ಕಂಡವು.

ಇದೇ ತತ್ವ ತಿರುವುಮುರುವಾದ ಒಂದು ಉಪಾಯ ಹಿಂದೆ ನಮ್ಮ ದೇಶದ ಕೆರೆಗಳಲ್ಲಿ ಇತ್ತು. ಬೇಟೆಗಾರ ಮೊದಲು ಕೆಲವು ದಿನ ಖಾಲಿ ಗಡಿಗೆಗಳನ್ನು ನೀರಿನ ಮೇಲೆ ಬಿಡುತ್ತಿದ್ದ. ಬಾತುಗಳಿಗೆ ಅವು ರೂಢಿಯಾದ ಮೇಲೆ, ಕಣ್ಣಿಗೆ ತೂತು ಮಾಡಿದ ಗಡಿಗೆಯನ್ನು ತಲೆಗೆ ಹಾಕಿಕೊಂಡು ಕುತ್ತಿಗೆಯವರೆಗೆ ನೀರಲ್ಲಿ ಇಳಿದು, ಹಿಂಡಿನ ನಡುವೆ ಹೋಗಿ ಕಾಲು ಹಿಡಿದು ಎಳೆಯುತ್ತಿದ್ದ. ಅಲ್ಲಿ ಬೇಕಿದ್ದದ್ದು ಅಲೆ ಎಬ್ಬಿಸದ ನಡಿಗೆ. ನನ್ನ ಹೊಂಡದಲ್ಲಿ ಬುರುಡೆಯನ್ನು ಕಸದಂತೆ ಕಾಣಿಸಿದ ಅದೇ ನಿಧಾನ, ಗಡಿಗೆಯನ್ನು ಬರೀ ಗಡಿಗೆಯಂತೆ ಕಾಣಿಸುತ್ತಿತ್ತು.

ನೆಲದ ಮೇಲಾದರೆ ಅಲುಗದ ಬೊಂಬೆಯೂ ನಡೆಯುತ್ತದೆ. ಅಮೆರಿಕದ ಮೇನ್ ರಾಜ್ಯದ ಈಸ್ಟರ್ನ್ ಎಗ್ ರಾಕ್ ದ್ವೀಪದಿಂದ ಅಳಿದುಹೋಗಿದ್ದ ಪಫಿನ್ ಹಕ್ಕಿಗಳನ್ನು ಮರಳಿ ತರಲು ಪಕ್ಷಿವಿಜ್ಞಾನಿ ಸ್ಟೀಫನ್ ಕ್ರೆಸ್ 1970ರ ದಶಕದಲ್ಲಿ ಮರಿಗಳನ್ನು ತಂದು ಸಾಕಿದರು, ಬಂಡೆಗಳ ಮೇಲೆ ಮರದ ಪಫಿನ್‌ಗಳನ್ನು ನಿಲ್ಲಿಸಿದರು. 1981ರಲ್ಲಿ ಹಕ್ಕಿಗಳು ಅಲ್ಲಿ ಮತ್ತೆ ಮರಿ ಮಾಡಿದವು. ನ್ಯೂಜಿಲೆಂಡಿನ ಮಾನಾ ದ್ವೀಪದಲ್ಲಿ ಕಾಂಕ್ರೀಟಿನ ಗ್ಯಾನೆಟ್ ಹಕ್ಕಿಗಳ ನಡುವೆ ಒಂಟಿಯಾಗಿ ಗೂಡು ಕಟ್ಟಿ, 2018ರಲ್ಲಿ ಆ ಕಾಂಕ್ರೀಟು ಸಂಗಾತಿಗಳ ಪಕ್ಕದಲ್ಲೇ ಸತ್ತ ನೈಜೆಲ್ ಎಂಬ ಗ್ಯಾನೆಟ್ಟಿನ ಕತೆ ಓದಿದಾಗ ನನಗೆ ಕರುಳು ಹಿಂಡಿದಂತಾಗಿತ್ತು. ಗೂಡಿನ ಮೇಲೆ ಕೂತ ಹಕ್ಕಿ ಅಲುಗದಿರುವುದು ಸಹಜ. ಬಂಡೆಯೂ ಉಂಗುರ ತೋರಿಸಿ ಗುಟ್ಟು ಬಿಟ್ಟುಕೊಡುವುದಿಲ್ಲ.

ನಮ್ಮಲ್ಲಿ ಇದನ್ನು ಹಿನ್ನೀರಿನಲ್ಲಿ ಮಾಡಿ ನೋಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಮಾತಿಗೆ ಕೊಂದುಹಾಕುವುದಷ್ಟೇ ಅಲ್ಲ, ಹಿಡಿಯುವುದು, ಬಲೆಯೊಡ್ಡುವುದು, ಆಮಿಷ ಒಡ್ಡುವುದು, ಅವುಗಳ ಪ್ರಯತ್ನ, ಇವೆಲ್ಲವನ್ನೂ ಸೇರಿಸಿದೆ. ಫೋಟೊಕ್ಕಾಗಿ ಬೊಂಬೆ ತೇಲಿಬಿಡುತ್ತೇನೆ ಎನ್ನುವ ಉತ್ಸಾಹಿಗಳಿಗೂ ನನ್ನ ಕಳಕಳಿಯ ವಿನಂತಿ, ಬೇಡ. ಸಾವಿರಾರು ಕಿಲೋಮೀಟರ್ ಹಾರಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತು, ಚಕ್ರವಾಕಗಳು ಇಲ್ಲಿಗೆ ಬರುವುದು ಮೇಯಲು ಮತ್ತು ಸುಧಾರಿಸಿಕೊಳ್ಳಲು. ಒಂದು ಸುಳ್ಳು ಇಳಿತ ಅಂದರೆ ಮತ್ತೆ ರೆಕ್ಕೆ ಬಡಿದು ಮೇಲೇರುವ ದಂಡ.

ಆದರೆ ದಡದಲ್ಲಿ ಕೂತು ನೀರನ್ನು ಓದಲು ಯಾರ ಅಪ್ಪಣೆಯೂ ಬೇಡ. ಜನವರಿಯ ನೀರುಹಕ್ಕಿ ಎಣಿಕೆಗೆ ಹೋಗುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗಾಳಿ ಏಳುವ ಮೊದಲು ಹೋಗಿ. ಎತ್ತರದ ಸೇತುವೆಗಿಂತ ತಗ್ಗಿನ ದಡ ಒಳ್ಳೆಯದು. ನೀರಿನ ಮೇಲೆ ಉದ್ದನೆಯ ಬಾಣದ ಗುರುತು ಕಂಡರೆ ಅದರ ಮೊನೆಯಲ್ಲಿ ಈಜುತ್ತಿರುವ ಬಾತು ಇರುತ್ತದೆ. ಒಂದೇ ಜಾಗದಿಂದ ಮತ್ತೆ ಮತ್ತೆ ಉಂಗುರ ಏಳುತ್ತಿದ್ದರೆ ಅದು ತಲೆ ಮುಳುಗಿಸಿ ಮೇಯುವ ಬಾತು. ಉಂಗುರ ಎದ್ದಿದೆ, ನಡುವೆ ಏನೂ ಇಲ್ಲ, ಸ್ವಲ್ಪ ಹೊತ್ತಿಗೆ ನಾಲ್ಕು ಮಾರು ಆಚೆ ಇನ್ನೊಂದು ಉಂಗುರ ಎದ್ದರೆ ಗುಳುಮುಳುಕ. ನೀರು ಒಂದು ಉದ್ದ ಪಟ್ಟಿಯಾಗಿ ಕಲಕಿ ಬೆಳ್ಳಗಾದರೆ ನಾಮದ ಕೋಳಿಗಳು ಒಂದನ್ನೊಂದು ಅಟ್ಟಿಕೊಂಡು ನೀರಿನ ಮೇಲೆ ಓಡಿರುತ್ತವೆ.

ಆ ದಿನ ಅನಗವಾಡಿಯಲ್ಲಿ ಬಿಸಿಲು ಬಂದು ಗಾಳಿ ಏಳುವಷ್ಟರಲ್ಲಿ ಕಾಕಾ ಮತ್ತು ನಾನು ಸೇರಿ ಒಂದು ನೂರಾ ಎಂಟು ಬಾತು ಎಣಿಸಿದ್ದೆವು. ಮೊದಲ ತೆರೆ ಬಂದು ಕನ್ನಡಿ ಒಡೆಯಿತು. "ಮುಗೀತ್ರಿ ಸರ, ಇನ್ನ ಕಾಣೂದಿಲ್ಲ" ಎಂದು ಅವರು ಬಲೆ ಬಿಡಿಸುತ್ತ ಕೂತರು.